ಮೊದಲು ಬಾಯಿ ಬಿಡದ ಫೋನು

ಆಗುವುದಿಲ್ಲ ಎಂದವರು ನಮ್ಮ ಸೋದರಮಾವ. ಅವರು ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್ ಆಗಿದ್ದರು. ಕಂಬ ಹತ್ತಿ ಇಳಿದು ಅವರ ಎರಡೂ ಅಂಗಾಲು ಮಡಿಚಿದ ಚರ್ಮದಂತೆ ಆಗಿದ್ದವು. ಅವರ ಪಾಲಿಗೆ ಫೋನು ಎಂದರೆ ಒಂದು ಜೋಡಿ ತಂತಿ, ಒಂದು ನಂಬರು.

"ಲೇ ಹುಡುಗಿ, ನಂಬರಿಲ್ಲದ ತಂತಿಗೆ ಗಂಟಿ ಹೆಂಗ ಬಡಿತೈತಿ? ಯಾರೋ ನಿಂಗ ಟೋಪಿ ಹಾಕ್ಯಾರ," ಎಂದರು.

"ಇಂಟರ್ನೆಟ್ ಮ್ಯಾಲೆ ಬರ್ತೈತಿ ಮಾವ."

"ಇಂಟರ್ನೆಟ್ ಬರೋದು ಯಾವುದರ ಮ್ಯಾಲೆ? ನಾ ಎಳದ ತಂತಿ ಮ್ಯಾಲೆ. ಅದು ಆಗಂಗಿಲ್ಲ. ಆತು ಅಂದ್ರ ಅದು ಕಳ್ಳ ಫೋನು. ಯಾರಾರ ಕೇಳಾಕ ಬಂದ್ರ ನನ್ನ ಹೆಸರು ಎತ್ತಬ್ಯಾಡ. ನನ್ನ ಪಿಂಚಣಿ ಐತಿ."

ನಾನು ಆಗ ಬಿಸಿಎ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಬ್ರಾಡ್‌ಬ್ಯಾಂಡ್ ನಮ್ಮ ಕಡೆಯ ಊರುಗಳಿಗೆ ಆಗಷ್ಟೇ ಬಂದಿತ್ತು. ಅಪ್ಪ ಅವ್ವ ತಂಬ್ರಹಳ್ಳಿಯಾಚೆಯ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದರು. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಹುಡುಕಿದರೂ ಹತ್ತನೇ ತರಗತಿ ದಾಟಿದವರು ಒಬ್ಬರೂ ಇರಲಿಲ್ಲ. ಮಾವ ತಮ್ಮ ಕ್ವಾರ್ಟರ್ಸಿನಲ್ಲಿ ನನಗೆ ಜಾಗ ಕೊಟ್ಟರು, ಅನ್ನ ಹಾಕಿದರು. ಆದರೆ ನನಗೆ ಡಿಗ್ರಿ ಆಗುತ್ತದೆ ಎಂದು ಅವರೂ ನಂಬಿರಲಿಲ್ಲ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯನ್ನೂ ಎಕ್ಸ್‌ಚೇಂಜಿಗೆ ಒಯ್ದು ತಮ್ಮ ಎಂಜಿನಿಯರ್ ಮುಂದೆ ಹಿಡಿದು, "ಇದು ಖರೇನೇ ಏನ್ರಿ ಸರ್?" ಎಂದು ಕೇಳಿ ಬರುತ್ತಿದ್ದರು. ಖರೆ ಎಂದು ಅವರು ಹೇಳಿದ ಮೇಲೆಯೇ ಮನೆಯಲ್ಲಿ ಪಾಯಸ.

ಆ ವರ್ಷ ಮುಂಗಾರಿಗೆ ಮಾವ ರಿಟೈರ್ ಆಗುವವರಿದ್ದರು. ಕ್ವಾರ್ಟರ್ಸ್ ಬಿಟ್ಟು ಊರಿಗೆ ಹೋಗಬೇಕು. ಈ ಸಲ ಪಾಸಾಗದಿದ್ದರೆ ಇನ್ನೊಂದು ಸಲ ಪರೀಕ್ಷೆಗೆ ಕೂಡುವುದಕ್ಕೆ ಕೊಟ್ಟೂರಿನಲ್ಲಿ ನನಗೆ ತಲೆ ಇಡುವ ಜಾಗವಿರಲಿಲ್ಲ. ಮೂರು ವರ್ಷ ಓದಿದ್ದನ್ನು ಗಂಟು ಕಟ್ಟಿ ಹಟ್ಟಿಗೆ ಹೋಗುವುದೊಂದೇ ದಾರಿ.

ಪಾಸಾಗಬೇಕಾದರೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಮ್ಮ ಕಂಪ್ಯೂಟರ್ ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ನಿಜವಾದ ಒಂದು ಅಂಗಡಿಗೋ ಕಚೇರಿಗೋ ನಿಜವಾದ ಕೆಲಸ ಮಾಡಿಕೊಟ್ಟು, "ಈಕೆ ಮಾಡಿದ್ದಾಳೆ, ಅದು ನಡೆಯುತ್ತಿದೆ" ಎಂದು ಅವರ ಲೆಟರ್‌ಹೆಡ್ಡಿನಲ್ಲಿ ಸಹಿ ಸೀಲು ಹಾಕಿಸಿ ತರಬೇಕು, ಆ ಕಾಗದ ಇಲ್ಲದವರನ್ನು ಮೌಖಿಕ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ನನ್ನ ಜೊತೆಯವರು ಬಳ್ಳಾರಿಗೋ ದಾವಣಗೆರೆಗೋ ಹೋಗಿ ಸಿದ್ಧ ಪ್ರಾಜೆಕ್ಟುಗಳನ್ನು ಬೈಂಡ್ ಮಾಡಿಸಿಕೊಂಡು, ಕಾಗದ ಸಮೇತ ತಂದರು. ನಾನು ತರಲಿಲ್ಲ. ಒಳ್ಳೆಯವಳೆಂದಲ್ಲ. ನನಗೆ ಆ ದಾರಿ ಗೊತ್ತಿರಲಿಲ್ಲ, ಗೊತ್ತಾಗುವ ಹೊತ್ತಿಗೆ ನಾನು ಆಗಲೇ ಸಾವುಕಾರರ ಅಂಗಡಿ ಮೆಟ್ಟಿಲು ಹತ್ತಿಬಿಟ್ಟಿದ್ದೆ.

ಅದು ಶೇಂಗಾ, ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಸಾವುಕಾರರು ಇಬ್ಬರು: ಅಣ್ಣ, ದೊಡ್ಡ ಸಾವುಕಾರರು, ಕೊಟ್ಟೂರಿನಲ್ಲಿ ಕೂಡುತ್ತಿದ್ದರು; ತಮ್ಮ, ಸಣ್ಣ ಸಾವುಕಾರರು, ಹರಪನಹಳ್ಳಿಯ ಅಂಗಡಿಯಲ್ಲಿ. ಪೇಟೆಯ ದರ ನೋಡುವುದಕ್ಕೆಂದು ಎರಡೂ ಕಡೆ ಕಂಪ್ಯೂಟರ್, ಬ್ರಾಡ್‌ಬ್ಯಾಂಡ್ ಹಾಕಿಸಿದ್ದರು. ನಾನು ಲೆಕ್ಕದ ಒಂದು ಪ್ರೋಗ್ರಾಂ ಬರೆದು ಕೊಡುತ್ತೇನೆ ಎಂದು ಕೇಳಲು ಹೋದೆ. ದೊಡ್ಡ ಸಾವುಕಾರರು ಗಾದಿಯ ಮೇಲೆ ಕೂತು, ಯಾರೋ ಒಬ್ಬರ ಕೈಯನ್ನು ಟವೆಲ್ಲಿನ ಅಡಿಯಲ್ಲಿ ಹಿಡಿದುಕೊಂಡಿದ್ದರು. ಟವೆಲ್ಲಿನ ಕೆಳಗೆ ಬೆರಳು ಮುಟ್ಟಿ ದರ ಹೇಳುವುದು ನಮ್ಮ ಕಡೆ ಹಳೆಯ ಪದ್ಧತಿ. ಮೇಲೆ ಇಬ್ಬರೂ ಮಳೆಯ ಮಾತಾಡುತ್ತಿದ್ದರು, ಕೆಳಗೆ ವ್ಯಾಪಾರ ನಡೆದಿತ್ತು. ಆ ವ್ಯಾಪಾರ ಮುಗಿಯುವವರೆಗೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಲೆಕ್ಕ ಕಂಪ್ಯೂಟರ್‌ನಾಗ ಹಾಕಂಗಿಲ್ಲ. ಅದು ನನ್ನ ತಲಿಯಾಗ ಐತಿ. ನಿಂಗ ಫೋನಿನ ಕೆಲಸ ಬರ್ತೈತೇನು?" ಎಂದರು.

"ಎಂಥ ಫೋನ್ರಿ?"

ಸಾವುಕಾರರು ಅತ್ತಿತ್ತ ನೋಡಿ ದನಿ ಇಳಿಸಿದರು. "ನಾನು ಮುಂಜಾನಿ ತಮ್ಮಗ ಫೋನಿನ್ಯಾಗ ಒಂದು ದರ ಹೇಳ್ತೀನಿ. ಮಧ್ಯಾಹ್ನದೊಳಗ ಅದು ಹಗರಿಬೊಮ್ಮನಹಳ್ಳಿ ಪೇಟ್ಯಾಗ ಗೊತ್ತಿರ್ತೈತಿ. ಹೆಂಗ? ಆ ಎಕ್ಸ್‌ಚೇಂಜಿನ್ಯಾಗ ಯಾವನೋ ಕಿವಿ ಹಚ್ಚತಾನ. ಅವರ ಕೈಗೆ ಸಿಗದ ಫೋನು ಬರ್ತೈತಂತಲ್ಲ, ಇಂಟರ್ನೆಟ್ ಫೋನು? ಅದನ್ನ ಹಾಕಿಕೊಡು. ಏನು ಕಾಗದ ಬೇಕೋ ಬರಕೊಡ್ತೀನಿ."

"ಆತ್ರಿ," ಎಂದೆ. ಆ ಕೆಲಸ ನನಗೆ ಬರುತ್ತಿರಲಿಲ್ಲ.

"ಯಾರ ಮಗಳು ನೀನು?"

ಅಪ್ಪನ ಹೆಸರು, ಊರು ಹೇಳಿದೆ.

"ಇಲ್ಲಿ ಎಲ್ಲಿರ್ತಿ?"

"ಸಂಬಂಧಿಕ್ರ ಮನ್ಯಾಗ್ರಿ."

ಲೈನ್‌ಮನ್‌ನ ಅಕ್ಕನ ಮಗಳು ಎಂದು ಹೇಳಲಿಲ್ಲ. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅಂಗಡಿಯ ಮೆಟ್ಟಿಲಿಳಿಯುವಾಗ ಏನೋ ಕದ್ದವಳ ಹಾಗೆ ಕಾಲು ಬೇಗ ಬೇಗ ಎತ್ತಿಹಾಕಿದ್ದು ನೆನಪಿದೆ.

ಸಣ್ಣ ಸಾವುಕಾರರು ಬೆಂಗಳೂರಿನಿಂದ ಎರಡು ಪುಟ್ಟ ಪೆಟ್ಟಿಗೆಗಳನ್ನು ತರಿಸಿದರು. ಮಾಮೂಲಿ ಫೋನನ್ನು ಆ ಪೆಟ್ಟಿಗೆಗೆ ಸಿಕ್ಕಿಸುವುದು, ಪೆಟ್ಟಿಗೆಯನ್ನು ರೂಟರಿಗೆ ಸಿಕ್ಕಿಸುವುದು. ಅಷ್ಟೇ ಎಂದು ಅದರ ಜೊತೆ ಬಂದ ಚೀಟಿಯಲ್ಲಿತ್ತು. ಅಷ್ಟೇ ಆಗಿರಲಿಲ್ಲ. ಕೊಟ್ಟೂರಿನಿಂದ ಗುಂಡಿ ಒತ್ತಿದರೆ ಹರಪನಹಳ್ಳಿಯಲ್ಲಿ ಗಂಟೆ ಬಡಿಯುತ್ತಿತ್ತು, ಎತ್ತಿದರೆ ಎರಡೂ ಕಡೆ ಸ್ಮಶಾನ ಮೌನ. ಆ ಗಂಟೆಯ ಸದ್ದಿಗೇ ನಾನು ಮಾವನ ಮೇಲೆ ಗೆದ್ದೆ ಎಂದುಕೊಂಡಿದ್ದೆ. ಮಾವ ಹೇಳಿದ್ದು: "ಗಂಟಿ ಗುಡ್ಯಾಗೂ ಬಡಿತೈತಿ. ದೇವರು ಮಾತಾಡ್ತಾನೇನು?"

ಕಾಲೇಜಿನ ಲ್ಯಾಬಿನಲ್ಲಿ ಕೂತು ಹುಡುಕಿ ಹುಡುಕಿ ಓದಿದೆ. ಒಂದು ಅಂಗಡಿಗೆ ಹೊರಜಗತ್ತಿಗೆ ಕಾಣುವ ವಿಳಾಸ ಒಂದೇ ಇರುತ್ತದೆ. ಒಳಗಿರುವ ಕಂಪ್ಯೂಟರಿಗೆ, ಫೋನಿನ ಪೆಟ್ಟಿಗೆಗೆ ರೂಟರು ತಾನೇ ಬೇರೆ ಬೇರೆ ಒಳವಿಳಾಸ ಕೊಟ್ಟಿರುತ್ತದೆ. ಹೊರಗಿನವರಿಗೆ ಆ ಒಳವಿಳಾಸ ಗೊತ್ತಿರುವುದಿಲ್ಲ, ಗೊತ್ತಾದರೂ ಉಪಯೋಗವಿಲ್ಲ. ನಮ್ಮ ಪೆಟ್ಟಿಗೆಗಳು ಒಂದಕ್ಕೊಂದು ಆ ಒಳವಿಳಾಸವನ್ನೇ ಕೊಟ್ಟುಕೊಳ್ಳುತ್ತಿದ್ದವು. ಊರ ಹೆಸರು ಬರೆಯದೆ "ಹನುಮಪ್ಪನ ಗುಡಿ ಹಿಂದಿನ ಮೂರನೇ ಮನೆ" ಎಂದು ಕಾಗದ ಹಾಕಿದ ಹಾಗೆ. ಹನುಮಪ್ಪನ ಗುಡಿ ಯಾವ ಊರಲ್ಲಿಲ್ಲ? ಹರಪನಹಳ್ಳಿಯ ಮಾತು ಹರಪನಹಳ್ಳಿಯ ಅಂಗಡಿಯೊಳಗೇ ಸುತ್ತಿ ಸಾಯುತ್ತಿತ್ತು, ಕೊಟ್ಟೂರಿನದು ಕೊಟ್ಟೂರಿನಲ್ಲಿ. ಹೊರಗಿನ ಒಂದು ಯಂತ್ರವನ್ನು ಕೇಳಿ ತನ್ನ ಹೊರವಿಳಾಸ ತಿಳಿದುಕೊಳ್ಳುವ ವ್ಯವಸ್ಥೆ ಪೆಟ್ಟಿಗೆಯಲ್ಲೇ ಇತ್ತು. ಆ ಯಂತ್ರದ ವಿಳಾಸವನ್ನು ಎರಡೂ ಕಡೆ ತುಂಬಿಸಿದೆ. ಆ ಒಂದು ಕೆಲಸಕ್ಕೆ ಖಾಸಗಿ ಬಸ್ಸಿನಲ್ಲಿ ನಿಂತು ನಾಲ್ಕು ಸಲ ಹರಪನಹಳ್ಳಿಗೆ ಹೋಗಿಬಂದೆ.

ಐದನೇ ದಿನ ಕೊಟ್ಟೂರಿನ ಅಂಗಡಿಯಲ್ಲಿ ಫೋನೆತ್ತಿ, "ಹಲೋ, ಕೇಳ್ತೈತೇನ್ರಿ?" ಎಂದೆ.

"ಓ, ಕೇಳ್ತೈತೆ ಕಣಮ್ಮ! ಪಕ್ಕದಾಗೆ ಕೂತಂಗೆ ಐತೆ!" ಎಂದರು ಸಣ್ಣ ಸಾವುಕಾರರು ಹರಪನಹಳ್ಳಿಯಿಂದ.

ದೊಡ್ಡ ಸಾವುಕಾರರು ನನ್ನ ಮುಖವನ್ನೇ ನೋಡಿದರು. ಸಂತೋಷವೇನೂ ಕಾಣಲಿಲ್ಲ. ಫೋನನ್ನು ಪೆಟ್ಟಿಗೆ ಸಮೇತ ಒಳಕೋಣೆಗೆ ಎಳೆಸಿ ಇಡಿಸಿಕೊಂಡರು. "ನೀ ಇನ್ನ ಹೊರಗ ಹೋಗು. ಗುಮಾಸ್ತನೂ ಹೋಗ್ಲಿ. ಬಾಗಲಾ ಮುಂದ ಮಾಡ್ರಿ."

ನಾವು ಹೊರಗೆ ಚೀಲಗಳ ಮೇಲೆ ಕೂತೆವು. ಎರಡು ನಿಮಿಷದಲ್ಲಿ ಬಾಗಿಲು ತೆರೆಯಿತು.

"ಏನೂ ಕೇಳಂಗಿಲ್ಲ."

ಒಳಗೆ ಹೋಗಿ ನಾನು ಮಾಡಿದೆ. "ಹಲೋ" ಎಂದೆ. ಅತ್ತಲಿಂದ "ಹಲೋ" ಬಂತು. ಮತ್ತೆ ಹೊರಗೆ ಕಳಿಸಿದರು. ಮತ್ತೆ ಏನೂ ಕೇಳಲಿಲ್ಲ. ಹೀಗೆ ಎರಡು ವಾರ. ನಾನು ಮಾಡಿದಾಗಲೆಲ್ಲ ನಡೆಯುವುದು, ಸಾವುಕಾರರು ಬಾಗಿಲು ಹಾಕಿಕೊಂಡು ಮಾಡಿದಾಗ ಸತ್ತುಹೋಗುವುದು. ನಾನೇ ಏನೋ ಕೈಚಳಕ ಮಾಡಿದ್ದೇನೆ ಎಂದು ಅವರಿಗೆ ಅನ್ನಿಸದಿದ್ದರೆ ಆಶ್ಚರ್ಯ.

ಆದರೆ ಮೊದಲು ಅನುಮಾನ ಬಿದ್ದದ್ದು ತಮ್ಮನ ಮೇಲೆ. "ಆತ ಎತ್ತಿ ಸುಮ್ನ ಕೂಡ್ತಾನ. ಉಸಿರು ಬಿಡಂಗಿಲ್ಲ. ಅಲ್ಲಿ ಏನೋ ನಡಿಸ್ಯಾನ, ನನಗ ತಿಳೀಬಾರದು ಅಂತ."

ಹರಪನಹಳ್ಳಿಗೆ ಹೋದರೆ ತಮ್ಮನ ಗೋಳು ಬೇರೆ. "ನೋಡಮ್ಮ, ಗಂಟೆ ಬಡೀತಿದ್ದಂಗೆ ಎತ್ತಿ, ಅಣ್ಣಾರೇ, ಹೇಳ್ರಿ ಅಣ್ಣಾರೇ ಅಂತ ಒದರ್ತೀನಿ. ಬೀದಿಯೋರೆಲ್ಲ ತಿರುಗಿ ನೋಡ್ತಾರೆ. ಆಮೇಲೆ ನನ್ನೇ ಬೈತಾರೆ, ಮಾತಾಡ್ಲಿಲ್ಲ ಅಂತ. ಈ ಪೆಟ್ಟಿಗೆ ಬರೋಕೆ ಮುಂಚೆ ನಾವು ಅಣ್ಣ ತಮ್ಮ ಚೆನ್ನಾಗೇ ಇದ್ವಿ ಕಣಮ್ಮ."

ಎರಡೂ ಕಡೆಯ ಕಥೆ ಕೇಳಿ ನನಗೂ ಯಾರನ್ನು ನಂಬುವುದೋ ತಿಳಿಯದಾಯಿತು. ಬಸ್ಸಿನ ಕಿಟಕಿಗೆ ತಲೆ ಆನಿಸಿ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಇಬ್ಬರೂ ಸೇರಿ ಕಾಗದ ಕೊಡುವುದನ್ನು ತಪ್ಪಿಸಲು ಆಟ ಕಟ್ಟಿದ್ದಾರೆ ಎಂದೂ ಅನ್ನಿಸಿತು. ಮನೆಗೆ ಬಂದರೆ ಮಾವ. ದಿನವೂ ಕೇಳುವುದು ಒಂದೇ: "ಏನಂತಾನ ಆ ಸಾವುಕಾರ? ಎಲ್ಲಿ ಇಟ್ಟಾನ ಫೋನು? ಒಳಗೋ ಹೊರಗೋ?" ಇವರಿಗೇಕೆ ಇಷ್ಟು ಆಸಕ್ತಿ? ದರ ಸೋರಿಹೋಗುತ್ತದೆ ಎಂಬ ಸಾವುಕಾರರ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ನನ್ನ ತಟ್ಟೆಗೆ ರೊಟ್ಟಿ ಹಾಕುವ ಕೈಯನ್ನೇ ನಾನು ಓರೆಗಣ್ಣಿನಿಂದ ನೋಡತೊಡಗಿದೆ.

ಮೌಖಿಕ ಪರೀಕ್ಷೆಗೆ ಹತ್ತು ದಿನ ಉಳಿದಿದ್ದಾಗ ಎಲ್ಲ ಕೆಟ್ಟಿತು. ನಾನು ಅಂಗಡಿಯ ಕಟ್ಟೆಯ ಮೇಲೆ ರೂಟರಿನ ಪುಸ್ತಕ ಓದುತ್ತ ಕೂತಿದ್ದೆ. ಮಾವ ಖಾಕಿ ಅಂಗಿಯಲ್ಲಿ, ಹೆಗಲಿಗೆ ತಂತಿಯ ಸುರುಳಿ ನೇತುಹಾಕಿಕೊಂಡು, ಕೈಯಲ್ಲಿ ನನ್ನ ಊಟದ ಡಬ್ಬಿ ಹಿಡಿದುಕೊಂಡು ನೇರ ಬಂದರು.

"ಲೇ, ಡಬ್ಬಿ ಬಿಟ್ಟು ಬಂದೀಯಲ್ಲ, ಹಸದು ಸಾಯ್ತೀಯೇನು? ನಿಮ್ಮತ್ತಿ ನನ್ನ ಬೈದು ಓಡಿಸ್ಯಾಳ."

ಡಬ್ಬಿ ಇಟ್ಟು ಹೋದರು. ದೊಡ್ಡ ಸಾವುಕಾರರು ಗಾದಿಯ ಮೇಲಿಂದಲೇ ನೋಡಿದರು. ಆಮೇಲೆ ಮೆಲ್ಲಗೆ, "ಯಾರು ಆತ?" ಎಂದರು.

"ನಮ್ಮ ಮಾವಾರ್ರಿ."

"ಸಂಬಂಧಿಕ್ರು ಅಂದ್ರ ಇವ್ರೇ ಏನು?"

"ಹೌದ್ರಿ."

"ಎಕ್ಸ್‌ಚೇಂಜ್ ತಪ್ಪಿಸಾಕ ಅಂತ ನಾನು ಫೋನು ಹಾಕಿಸಿದ್ರ, ಎಕ್ಸ್‌ಚೇಂಜೇ ನನ್ನ ಒಳಕೋಣಿಗೆ ಬಂದು ಕುಂತೈತಿ!" ಎಂದು ಎದ್ದು ನಿಂತರು. "ಅದಕ್ಕ ನಿನ್ನ ಕೈಯಾಗ ಮಾತಾಡ್ತೈತಿ, ನನ್ನ ಕೈಯಾಗ ಮಾತಾಡಂಗಿಲ್ಲ. ಏಳು. ಕಾಗದದ ಮಾತು ಮರತುಬಿಡು."

"ಸಾವ್ಕಾರ್ರ, ನಾನು ಏನೂ ಮಾಡಿಲ್ರಿ..."

"ಕೇಳಿದಾಗ ಯಾಕ ಹೇಳಲಿಲ್ಲ?"

ಡಬ್ಬಿ ಎತ್ತಿಕೊಂಡು ಬಂದೆ.

ಮನೆಗೆ ಬಂದು ಮಾವನ ಮೇಲೆ ಹರಿಹಾಯ್ದೆ. ಡಬ್ಬಿ ತಂದದ್ದಕ್ಕೆ ಬೈದೆ. ನಿಲ್ಲಿಸಲಿಲ್ಲ. ಯಾವತ್ತೂ ಕೇಳಬಾರದ್ದನ್ನೂ ಕೇಳಿಬಿಟ್ಟೆ. "ನೀವು ಅವರ ಮಾತು ಕೇಳ್ತಿದ್ರೇನು ಮಾವ? ಖರೆ ಹೇಳ್ರಿ."

ಅತ್ತೆ ಒಲೆಯ ಮುಂದೆ ಕೈ ನಿಲ್ಲಿಸಿದರು. ಮಾವ ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡರು.

"ಆ ಮನುಷ್ಯನ ಮಾತು ಕೇಳಾಕ ಆತ ಮಾತಾಡಬೇಕಲ್ಲ! ಆತನ ಲೈನಿನ ಕಂಪ್ಲೇಂಟು ಎಷ್ಟು ಸಲ ಬಂದಾವು ಗೊತ್ತೇನು? ಗಂಟಿ ಬಡಿತೈತಿ, ಯಾರೋ ಎತ್ತತಾರ, ಮಾತೇ ಇಲ್ಲ, ಲೈನು ಡೆಡ್ ಐತಿ ನೋಡ್ರಿ ಅಂತ ಊರ ಮಂದಿ ಹೇಳ್ತಾರ. ನಾ ಹೋಗಿ ನೋಡ್ತೀನಿ, ಲೈನು ಸರಿ ಐತಿ. ಆತ ಎತ್ತಿ ಬಾಯಿ ಬಿಡಂಗಿಲ್ಲ. ಫೋನಿನ ಬಾಯಿ ಅಂಗೈಲೆ ಮುಚ್ಚಿಕೊಂಡು ಕೂಡ್ತಾನ. ಆ ಕಡಿಯಾತ ಯಾರು, ಏನು ಅಂತ ದನಿ ಕೇಳಿದ ಮ್ಯಾಲೆ ಆತನ ಬಾಯಿ ತೆರಿತೈತಿ. ತಾನೇ ಮಾಡಿದ್ರೂ ಹಂಗ. ವ್ಯಾಪಾರದಾಗ ಮೊದಲು ಬಾಯಿ ಬಿಟ್ಟಾತ ಸೋತ ಅಂತಾರಲ್ಲ, ಹಂಗ."

ನಾನು ಅಲ್ಲೇ ನಿಂತುಬಿಟ್ಟೆ.

ಎರಡು ವಿಷಯ ಒಟ್ಟಿಗೇ ತಲೆಗೆ ಬಂದವು. ಒಂದು, ಪೆಟ್ಟಿಗೆ ಯಾಕೆ ಸಾಯುತ್ತಿದೆ ಎಂಬುದು. ಇನ್ನೊಂದು, ಅಂಗೈಯಿಂದ ಮುಚ್ಚಿಕೊಳ್ಳುವುದು ಮಾವನಿಗೆ ಹೇಗೆ ಗೊತ್ತು ಎಂಬುದು. ಕಂಪ್ಲೇಂಟು ಕೊಟ್ಟವರಿಗೆ ಅದು ಕಾಣುವುದಿಲ್ಲ. ಸಾವುಕಾರರು ಫೋನೆತ್ತುವಾಗ ಒಳಕೋಣೆಯಲ್ಲಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ಮುಚ್ಚಿದ ಅಂಗೈಯ ಸದ್ದು ಹೇಗಿರುತ್ತದೆ ಎಂದು ತಂತಿಗೆ ಕಿವಿ ಹಚ್ಚಿದವರಿಗಷ್ಟೇ ಗೊತ್ತಿರುತ್ತದೆ. ರಿಪೇರಿಗೆ ಹಚ್ಚಿದ್ದೋ, ಬೇರೆಯದಕ್ಕೋ? ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಮೊದಲನೆಯದನ್ನು ಹೇಳುತ್ತೇನೆ. ರೂಟರು ಬಾಗಿಲು ಕಾಯುವ ಯಂತ್ರ, ಬಹಳ ಸಂಶಯದ ಯಂತ್ರ. ಒಳಗಿನವರು ಮೊದಲು ಹೊರಗೆ ಮಾತು ಕಳಿಸಿದರೆ, ಆ ಮಾತಿನ ಉತ್ತರವೆಂದು ಹೊರಗಿನ ಮಾತನ್ನು ಒಳಗೆ ಬಿಡುತ್ತದೆ. ಒಳಗಿನಿಂದ ಏನೂ ಹೋಗದಿದ್ದರೆ, ಹೊರಗಿನಿಂದ ಬಂದದ್ದನ್ನು ಯಾರೋ ಅಪರಿಚಿತರೆಂದು ಬಾಗಿಲಲ್ಲೇ ಬಿಸಾಡುತ್ತದೆ. ಗಂಟೆಯ ಸದ್ದಿಗೆ ಒಂದು ಬಾಗಿಲು, ಮಾತಿಗೆ ಇನ್ನೊಂದು, ಹಾಗಾಗಿ ಗಂಟೆ ಬಡಿಯುವುದಕ್ಕೆ ತೊಂದರೆಯಿರಲಿಲ್ಲ. ಮಾಮೂಲಿಗೆ ಈ ಫೋನುಗಳು ಎತ್ತಿದ ಕೂಡಲೇ, ಯಾರೂ ಮಾತಾಡದಿದ್ದರೂ, ಆ ಮೌನವನ್ನೂ ತುಂಡು ತುಂಡಾಗಿ ಕಳಿಸುತ್ತಲೇ ಇರುತ್ತವೆ. ಬಾಗಿಲು ತೆರೆದುಕೊಳ್ಳುತ್ತದೆ. ನಮ್ಮ ಪೆಟ್ಟಿಗೆಗಳಲ್ಲಿ ಮಾತ್ರ ಮೌನವನ್ನು ಕಳಿಸದೆ ಉಳಿಸುವ ಒಂದು ಆಯ್ಕೆ ಮೊದಲೇ ಆನ್ ಆಗಿತ್ತು, ನಿಧಾನದ ಲೈನಿಗೆ ಭಾರ ಕಡಿಮೆಯಾಗಲಿ ಎಂದು. ನಾನು "ಹಲೋ" ಎನ್ನುತ್ತಿದ್ದೆ, ಬಾಗಿಲು ತೆರೆಯುತ್ತಿತ್ತು. ಸಾವುಕಾರರು ಅಂಗೈ ಮುಚ್ಚಿ ಕೂಡುತ್ತಿದ್ದರು. ಕೊಟ್ಟೂರಿನಿಂದ ಒಂದು ತುಣುಕೂ ಹೊರಡುತ್ತಿರಲಿಲ್ಲ. ತಮ್ಮ ಹರಪನಹಳ್ಳಿಯಲ್ಲಿ "ಅಣ್ಣಾರೇ" ಎಂದು ಒದರಿದ್ದೆಲ್ಲ ಕೊಟ್ಟೂರಿನ ರೂಟರಿನ ಹೊರಗೆ ಬಿದ್ದು ಹೋಗುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ನನ್ನನ್ನು ನಂಬಿ ಒಂದೇ ಒಂದು ಸಲ ಒಳಗೆ ನಿಲ್ಲಿಸಿಕೊಂಡಿದ್ದರೆ ಅವತ್ತೇ ನನಗೆ ಕಾಣುತ್ತಿತ್ತು.

ಆದರೆ ಮಾವನ ಮಾತನ್ನು ಹಿಡಿದುಕೊಂಡು ಹೋಗುವ ಹಾಗಿರಲಿಲ್ಲ. ನನಗೆ ಹೇಗೆ ತಿಳಿಯಿತು ಎಂದು ಸಾವುಕಾರರು ಕೇಳಿದರೆ? ಅದೂ ಅಲ್ಲದೆ, ಮಾವ ಹೇಳಿದ್ದು ನಿಜವೋ ಇಲ್ಲವೋ ನಾನೇ ನೋಡಬೇಕಿತ್ತು. ಮರುದಿನ ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಗೆ ಹೋಗಿ, ಅಲ್ಲಿ ನೇತುಹಾಕಿದ್ದ ಕಾಯಿನ್ ಫೋನಿಗೆ ನಾಣ್ಯ ಹಾಕಿ, ಸಾವುಕಾರರ ಹಳೆಯ ನಂಬರು ಒತ್ತಿದೆ. ಮೂರನೇ ಸಲ ಗಂಟೆ ಬಡಿದಾಗ ಎತ್ತಿದರು. ನಾನು ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಹತ್ತಿ ತುಂಬಿದ ಹಾಗೆ ಮಂಕು ಸದ್ದು. ನನ್ನ ಹಿಂದೆ ಕಂಡಕ್ಟರ್ ಒಬ್ಬ "ಕೂಡ್ಲಿಗಿ, ಕೂಡ್ಲಿಗಿ" ಎಂದು ಕೂಗುತ್ತಿದ್ದ. ಪೂರ್ತಿ ಒಂದು ನಿಮಿಷ ಇಬ್ಬರೂ ಒಬ್ಬರ ಮೌನ ಒಬ್ಬರು ಕೇಳಿಕೊಂಡು ನಿಂತೆವು. ಆಮೇಲೆ ಅವರೇ ಇಟ್ಟರು.

ನೇರ ಅಂಗಡಿಗೆ ನಡೆದೆ.

"ಯಾಕ ಬಂದಿ?" ಎಂದರು.

"ಈಗ ಐದು ನಿಮಿಷದ ಹಿಂದ ಒಂದು ಫೋನ್ ಬಂತಲ್ರಿ, ಮಾತಾಡದ್ದು? ಅದನ್ನ ಮಾಡಿದಾಕಿ ನಾನ್ರಿ."

ಗುಮಾಸ್ತ ತಲೆಯೆತ್ತಿದ. ಸಾವುಕಾರರ ಕಣ್ಣು ಸಣ್ಣಗಾದವು. "ಕೂಡ್ಲಿಗಿಯಾವ ಯಾವನೋ ದರ ತಿಳಿಯಾಕ ಮಾಡ್ಯಾನ ಅಂತ ಅನಕೊಂಡಿದ್ದೆ. ಏನು ಹುಡುಗಾಟಿಕಿ ಇದು?"

"ಹುಡುಗಾಟಿಕಿ ಅಲ್ರಿ. ನೀವು ಎತ್ತಿದ ಮ್ಯಾಲೆ ಮೊದಲು ಮಾತಾಡಂಗಿಲ್ಲ. ಹೌದೋ ಅಲ್ಲೋ?"

"ನಾ ಯಾಕ ಮೊದಲು ಮಾತಾಡ್ಲಿ?"

"ಬ್ಯಾಡ್ರಿ. ಮಾತಾಡಬ್ಯಾಡ್ರಿ. ಅದಕ್ಕ ತಕ್ಕಂಗ ಫೋನು ಮಾಡಿಕೊಡ್ತೀನಿ. ಒಂದು ಸಲ, ಒಂದೇ ಸಲ, ನನ್ನ ಮುಂದ ಎತ್ರಿ."

ಅವರು ಒಪ್ಪಿಕೊಳ್ಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಬಹುಶಃ ನಾನಾಗಿಯೇ ಬಂದು ತಪ್ಪು ಹೇಳಿಕೊಂಡದ್ದು ಅವರಿಗೆ ಹಿಡಿಸಿರಬೇಕು. ಬಹುಶಃ ತಮ್ಮನ ಮೇಲಿನ ಅನುಮಾನ ಹೊಟ್ಟೆಯಲ್ಲಿಟ್ಟುಕೊಂಡು ಅವರಿಗೂ ಸಾಕಾಗಿತ್ತು. ಗುಮಾಸ್ತನನ್ನು ಹೊರಗೆ ಕಳಿಸಿ ನನ್ನನ್ನು ಒಳಗೆ ಬಿಟ್ಟರು.

ಎರಡು ಕೆಲಸ ಮಾಡಿದೆ. ಪೆಟ್ಟಿಗೆಯಲ್ಲಿ ಮೌನ ಉಳಿಸುವ ಆಯ್ಕೆಯನ್ನು ತೆಗೆದುಹಾಕಿದೆ. ಇನ್ನು ಅವರು ಬಾಯಿ ಮುಚ್ಚಿ ಕೂತರೂ ಆ ಮೌನ ಹೊರಗೆ ಹೋಗಿ ಬಾಗಿಲು ತೆರೆಸುತ್ತದೆ. ಎರಡನೆಯದು, ಪೆಟ್ಟಿಗೆಗೆ ಎಂದೂ ಬದಲಾಗದ ಒಂದು ಒಳವಿಳಾಸ ಕೊಟ್ಟು, ಮಾತು ಬರುವ ಬಾಗಿಲುಗಳನ್ನು ಅದರ ಕಡೆಗೇ ಯಾವಾಗಲೂ ತೆರೆದಿಡುವಂತೆ ರೂಟರಿನಲ್ಲಿ ಬರೆದೆ. ನಾನು ಒಂದೊಂದು ಅಂಕಿ ಒತ್ತುವಾಗಲೂ ಸಾವುಕಾರರು ಹೆಗಲ ಮೇಲಿಂದ ಬಗ್ಗಿ, "ಇದೇನು? ಇದೇನು?" ಎಂದು ಕೇಳಿದರು.

"ಬಾಗಲಾ ತೆರದಿಡಾದ್ರಿ."

"ತೆರದಿಟ್ರ ಕಳ್ಳರು ಬರಂಗಿಲ್ಲೇನು?"

"ಆ ಬಾಗಲಾ ಹಿಂದ ಫೋನು ಒಂದೇ ಐತ್ರಿ. ಕಂಪ್ಯೂಟರ್ ಇಲ್ಲ, ತಿಜೋರಿ ಇಲ್ಲ. ಆದ್ರ ಒಂದು ಮಾತು ಖರೆ ಹೇಳ್ತೀನ್ರಿ. ಇದೂ ಪೂರಾ ಯಾರ ಕಿವಿಗೂ ಬೀಳಂಗಿಲ್ಲ ಅಂತ ನಾ ಆಣಿ ಮಾಡಂಗಿಲ್ಲ. ತಿಳದಾತ ನಡುವ ಕುಂತ್ರ ಇದನ್ನೂ ಕೇಳಬಹುದು."

ಯಾಕೆ ಹೇಳಿದೆನೋ. ಒಮ್ಮೆ ಮುಚ್ಚಿಟ್ಟು ಕೆಟ್ಟಿದ್ದೆ, ಅದಕ್ಕೇ ಇರಬೇಕು. ಸಾವುಕಾರರು ನನ್ನನ್ನು ಅಳೆದು ನೋಡಿ, "ಇದನ್ನ ಹೇಳಿದಾಕಿ ನೀ ಒಬ್ಬಾಕಿ," ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಗುಂಡಿ ಒತ್ತಿದರು. ಅಂಗೈ ಮುಚ್ಚಿದರು. ನಾನು ಗೋಡೆಗೆ ಒರಗಿ ನಿಂತೆ. ಗಂಟೆ ಬಡಿಯಿತು, ಆ ಕಡೆ ಎತ್ತಿದರು, ಇವರ ಮುಖ ಸ್ವಲ್ಪವೂ ಅಲುಗಲಿಲ್ಲ. ಆಮೇಲೆ ನನಗೂ ಕೇಳುವಷ್ಟು ಜೋರಾಗಿ ಆ ಕಡೆಯ ದನಿ:

"ಅಣ್ಣಾರೇ! ಅಣ್ಣಾರೇ, ಈಗಲಾದ್ರೂ ಕೇಳ್ತೈತಾ? ಇಲ್ಲಾಂದ್ರೆ ಈ ಪೆಟ್ಟಿಗೇನ ತಗೊಂಡೋಗಿ ಕೆರೆಗೆ ಎಸೀತೀನಿ ನೋಡ್ರಿ!"

ಸಾವುಕಾರರ ಅಂಗೈ ಸರಿಯಿತು. "ಎಸಿಬ್ಯಾಡೋ," ಎಂದರು. ಮತ್ತೆ, "ಊಟ ಆತೇನು?" ಎಂದರು. ಎರಡು ವಾರದಿಂದ ಆ ಅಣ್ಣ ತಮ್ಮ ಊಟದ ಮಾತು ಆಡಿರಲಿಲ್ಲ ಎಂದು ಆಮೇಲೆ ಗುಮಾಸ್ತ ಹೇಳಿದ.

ಆಮೇಲೆ ನನಗೆ ಕೈ ಮಾಡಿ ತೋರಿಸಿದರು, ಹೊರಗೆ ಹೋಗು ಎಂದು. ಹೋದೆ. ಆ ಸಲ ಬಾಗಿಲು ಅರ್ಧ ಗಂಟೆ ತೆರೆಯಲಿಲ್ಲ.

ಕಾಗದ ಪಡೆಯುವುದಕ್ಕೆ ಇನ್ನೂ ನಾಲ್ಕು ದಿನ ಹಿಡಿಯಿತು. ನಾಲ್ಕೂ ದಿನ ಫೋನು ನಡೆಯುತ್ತದೆಯೇ ಎಂದು ನೋಡಿದರು. ಇಂಗ್ಲಿಷಿನಲ್ಲಿ ನಾನು ಟೈಪ್ ಮಾಡಿಸಿ ತಂದದ್ದನ್ನು ಗುಮಾಸ್ತನಿಂದ ಕನ್ನಡದಲ್ಲಿ ಹೇಳಿಸಿಕೊಂಡರು, ಮತ್ತೆ ಔಷಧಿ ಅಂಗಡಿಯವರಿಂದ ಹೇಳಿಸಿಕೊಂಡು ಎರಡೂ ಒಂದೇ ಇದೆಯೇ ನೋಡಿದರು. ಸಹಿ ಮಾಡಿದ ಮೇಲೆ ಸ್ಕೇಲು ತರಿಸಿ, ಅಕ್ಷರ ಮುಗಿದ ಕಡೆಯಿಂದ ಸಹಿಯವರೆಗೆ ಖಾಲಿ ಉಳಿದ ಜಾಗಕ್ಕೆ ಅಡ್ಡ ಗೆರೆ ಎಳೆದರು, ನಡುವೆ ನಾನು ಇನ್ನೇನಾದರೂ ಬರೆದುಕೊಂಡೇನು ಎಂದು. ಆ ಗೆರೆಯ ಸಮೇತ ಕಾಗದವನ್ನು ಮೇಷ್ಟ್ರ ಮುಂದಿಟ್ಟೆ. ಅವರು ಗೆರೆಯನ್ನು ಬೆರಳಿನಿಂದ ಮುಟ್ಟಿ ನಕ್ಕರು. "ಇದೊಂದು ನಿಜವಾದ ಅಂಗಡಿಯಿಂದ ಬಂದಿದೆ," ಎಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಎಲ್ಲ ಪ್ರಶ್ನೆಗೂ ನಾನು ಉತ್ತರ ಹೇಳಲಿಲ್ಲ. ಆದರೆ ಒಳಗಿನವರು ಮಾತಾಡದಿದ್ದರೆ ಹೊರಗಿನ ಮಾತು ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಿದಾಗ, ಹಲಗೆಯ ಮೇಲೆ ಎರಡು ಅಂಗಡಿ ಬರೆದು, ಎರಡು ಬಾಗಿಲು ಬರೆದು, ಕಾಲು ಗಂಟೆ ಹೇಳಿದೆ. ಸಾಕು ಕೂಡಮ್ಮ ಎನ್ನುವವರೆಗೂ ಹೇಳಿದೆ.

ಪಾಸಾದೆ. ಪದವಿ ಪ್ರಮಾಣಪತ್ರ ಬರುವ ಹೊತ್ತಿಗೆ ಮಾವ ರಿಟೈರ್ ಆಗಿ ಊರಿಗೆ ಹೋಗಿ ತಿಂಗಳುಗಳು ಕಳೆದಿದ್ದವು. 'ಬಂದೈತಂತ' ಎಂದು ಹೇಳಿ ಕಳಿಸಿದ್ದಕ್ಕೆ ಮೊದಲ ಬಸ್ಸಿಗೆ ಬಂದು ಕಾಲೇಜಿನ ಗೇಟಿನಲ್ಲಿ ನನಗಿಂತ ಮುಂಚೆ ನಿಂತಿದ್ದರು. ಖಾಕಿ ಇರಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆ ಅಂಗಿಯಲ್ಲಿ ಅವರು ನನಗೆ ಸ್ವಲ್ಪ ಸಣ್ಣವರಾಗಿ ಕಂಡರು.

ಆಫೀಸಿನ ಕಿಟಕಿಯಲ್ಲಿ ರಿಜಿಸ್ಟರಿಗೆ ಸಹಿ ಮಾಡಿದೆ. ಗುಮಾಸ್ತರು ಕಂಬಿಯ ಸಂದಿಯಿಂದ ಪ್ರಮಾಣಪತ್ರ ಚಾಚಿದರು. ನಾನು ತೆಗೆದುಕೊಂಡು ಮಾವನ ಕೈಗೆ ಕೊಟ್ಟೆ. ಅವರು ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಅಂಚಿನಲ್ಲಷ್ಟೇ ಹಿಡಿದರು. ಕನ್ನಡದಲ್ಲಿದ್ದ ನನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು, ಕೆಳಗೆ ಅಪ್ಪನ ಹೆಸರು ಓದಿದರು. ಸೀಲನ್ನು ಬೆಳಕಿಗೆ ಹಿಡಿದು ನೋಡಿದರು. ಖರೇನೇ ಎಂದು ಈ ಸಲ ಯಾರನ್ನೂ ಕೇಳಲಿಲ್ಲ. ವಾಪಸು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ತಾವೇ ಮಡಿಸಿದರು.

"ಇದನ್ನ ನಿನ್ನ ಟ್ರಂಕಿನ್ಯಾಗ ಇಟಗೋ, ಕೀಲಿ ನಿನ್ನ ಕೊಳ್ಳಾಗ ಇರ್ಲಿ," ಎಂದರು ಮಾವ. "ಯಾರು ಕೇಳಿದ್ರೂ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."